ಬಿ.ಎ. ಓದಿದ ಗಣಕ ವಿಜ್ಞಾನಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಳೆದ ವರ್ಷ ನಮ್ಮೂರಿನ ಕಲ್ಯಾಣಮಂಟಪದಲ್ಲಿ ಒಂದು ಉದ್ಯೋಗಮೇಳ ನಡೆಯಿತು. ನಾನೂ ಒಗೆದ ಅಂಗಿ ತೊಟ್ಟು, ಅಂಕಪಟ್ಟಿಗಳ ನಕಲನ್ನು ಕೈಯಲ್ಲಿ ಹಿಡಿದು, ಕಂಪ್ಯೂಟರ್ ಕಂಪನಿಯೊಂದರ ಮೇಜಿನ ಮುಂದೆ ನಿಂತೆ. ಮೇಜಿನ ಹಿಂದಿದ್ದವರು ನನ್ನ ಕಾಗದದ ಮೊದಲ ಸಾಲನ್ನು ಮಾತ್ರ ನೋಡಿ, "ಆರ್ಟ್ಸಾ? ಇದು ಕಂಪ್ಯೂಟರ್ ಕೆಲಸ. ನೀವು ಆ ಕಡೆ ಸಾಲಿಗೆ ಹೋಗಿ" ಎಂದರು. ಆ ಕಡೆಯ ಸಾಲು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದ್ದು. ಅದು ಕೀಳು ಕೆಲಸವೆಂದು ನಾನು ಹೇಳಲಾರೆ. ನಮ್ಮಪ್ಪ ಮಂಡಿಯಲ್ಲಿ ಮೂಟೆ ಹೊತ್ತೇ ನನ್ನನ್ನು ಕಾಲೇಜಿಗೆ ಕಳಿಸಿದವರು. ಆದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ "ಏನಂದ್ರು?" ಎಂದು ಕೇಳಿದರು. "ನನ್ನ ಓದು ಆ ಕೆಲಸಕ್ಕೆ ಆಗೋದಿಲ್ವಂತೆ" ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈ ಮೂರು ವರ್ಷ ಓದಿದ್ದು ಯಾತಕ್ಕೆ ಬರ್ತದಪ್ಪ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಉತ್ತರ ಹೇಳಬಲ್ಲವರು ಬೇರೆ ಯಾರೂ ಅಲ್ಲಿರಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ.

ಆ ಉತ್ತರವನ್ನು ಹುಡುಕುತ್ತಿದ್ದಾಗ ನನಗೆ ದೊರೆತದ್ದು ಒಬ್ಬ ಇಂಗ್ಲಿಷ್ ವಿದ್ವಾಂಸರ ಜೀವನಚರಿತ್ರೆ. ಅವರ ಹೆಸರು ಚಾರ್ಲ್ಸ್ ಆಂಟನಿ ರಿಚರ್ಡ್ ಹೋರ್. ಗಣಕ ವಿಜ್ಞಾನಿಗಳ ಲೋಕದಲ್ಲಿ ಟೋನಿ ಹೋರ್ ಎಂದೇ ಪ್ರಸಿದ್ಧರು. ಗಣಕ ವಿಜ್ಞಾನದಲ್ಲಿ ಅತಿ ದೊಡ್ಡ ಗೌರವವೆನಿಸಿದ ಟ್ಯೂರಿಂಗ್ ಪ್ರಶಸ್ತಿಯನ್ನು 1980ರಲ್ಲಿ ಪಡೆದವರು. ಇಂಥವರು ಕಾಲೇಜಿನಲ್ಲಿ ಓದಿದ್ದು ಗಣಿತವನ್ನಲ್ಲ, ಭೌತವಿಜ್ಞಾನವನ್ನಲ್ಲ. ಗ್ರೀಕ್, ಲ್ಯಾಟಿನ್, ಪ್ರಾಚೀನ ಇತಿಹಾಸ ಮತ್ತು ತತ್ತ್ವಶಾಸ್ತ್ರಗಳನ್ನು! ಅವರ ಪದವಿಯೂ ನಮ್ಮದರಂತೆಯೇ ಬಿ.ಎ. ಅವರು ಕಾರ್ಖಾನೆಯಿಂದ ವಿಶ್ವವಿದ್ಯಾನಿಲಯಕ್ಕೂ, ವಿಶ್ವವಿದ್ಯಾನಿಲಯದಿಂದ ಮತ್ತೆ ಕಂಪನಿಯ ಸಂಶೋಧನಾಲಯಕ್ಕೂ ನಡೆದ ದಾರಿಯನ್ನು, ಆ ದಾರಿಯಲ್ಲಿ ಕಂಡುಕೊಂಡ ವಿಷಯಗಳನ್ನು ನನ್ನ ಸಹಪಾಠಿ ಮಿತ್ರರಿಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ಗಣಿತದ ಅಧ್ಯಾಪಕರು ನನ್ನ ಮಾತಿನಲ್ಲಿ ಲೋಪವನ್ನು ಕಂಡರೆ ತಿದ್ದಬೇಕಾಗಿ ಬೇಡುತ್ತೇನೆ.

ಹೋರ್ ಅವರು ಹುಟ್ಟಿದ್ದು 1934ರ ಜನವರಿ 11ರಂದು, ಆಗ ಸಿಲೋನ್ ಎನಿಸಿಕೊಂಡಿದ್ದ ಶ್ರೀಲಂಕೆಯ ಕೊಲಂಬೋ ನಗರದಲ್ಲಿ. ತಂದೆ ಬ್ರಿಟಿಷ್ ಸರಕಾರದ ಅಧಿಕಾರಿ. ತಾಯಿ ಚಹಾ ತೋಟದ ಮಾಲಿಕರ ಮಗಳು. ಇಂಗ್ಲೆಂಡಿನ ಹೆಸರಾಂತ ಶಾಲೆಗಳಲ್ಲಿ ಓದಿ, ಆಕ್ಸ್‌ಫರ್ಡಿನ ಮರ್ಟನ್ ಕಾಲೇಜನ್ನು ಸೇರಿ, 1956ರಲ್ಲಿ ಪದವಿ ಪಡೆದರು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅವರು ಹುಟ್ಟಿದ ಮನೆಗೂ ನಾವು ಹುಟ್ಟಿದ ಮನೆಗಳಿಗೂ, ಅವರ ಕಾಲೇಜಿಗೂ ನಮ್ಮ ಕಾಲೇಜಿಗೂ ಅಜಗಜಾಂತರ. 'ಅವರಿಗೆ ಆದದ್ದು ನಮಗೂ ಆಗಿಯೇ ತೀರುತ್ತದೆ' ಎಂದು ಹೇಳುವಷ್ಟು ಸುಲಭವಾಗಿ ನಾನು ಸಮಾಧಾನಪಟ್ಟುಕೊಳ್ಳಲಾರೆ. ಆದರೆ ಅವರ ಓದಿಗೂ ಅವರ ಕೆಲಸಕ್ಕೂ ಇದ್ದ ನಂಟು ಯಾವುದು ಎಂಬುದನ್ನು ತಿಳಿಯಲು ಮನೆತನವನ್ನು ಕೇಳಬೇಕಾಗಿಲ್ಲ.

ತತ್ತ್ವಶಾಸ್ತ್ರವನ್ನು ಓದುವಾಗ ಅವರನ್ನು ಹೆಚ್ಚಾಗಿ ಸೆಳೆದದ್ದು ತರ್ಕ. ಒಂದು ಮಾತು ನಿಜವಾದರೆ ಇನ್ನೊಂದು ಮಾತು ನಿಜವಾಗಲೇಬೇಕು ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ಗಣಿತದ ಸತ್ಯಗಳು ಅಷ್ಟು ಗಟ್ಟಿಯಾಗಿರುವುದು ಏತರಿಂದ? ಇಂಥ ಪ್ರಶ್ನೆಗಳು ಅವರನ್ನು ಬರ್ಟ್ರಂಡ್ ರಸೆಲ್ ಮೊದಲಾದವರ ಗ್ರಂಥಗಳತ್ತ ಕೊಂಡೊಯ್ದವು. ಪದವಿಯ ತರುವಾಯ ಆ ದೇಶದ ಕಾನೂನಿನಂತೆ ಕಡ್ಡಾಯ ಸೇವೆಗಾಗಿ ನೌಕಾಪಡೆಯನ್ನು ಸೇರಿದಾಗ ಅವರಿಗೆ ರಷ್ಯನ್ ಭಾಷೆಯನ್ನು ಕಲಿಸಲಾಯಿತು. ಆಮೇಲೆ ಆಕ್ಸ್‌ಫರ್ಡಿಗೆ ಮರಳಿ ಸಂಖ್ಯಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿಯೇ ಮರ್ಕ್ಯುರಿ ಎಂಬ ಯಂತ್ರಕ್ಕೆ ಪ್ರೋಗ್ರಾಮು ಬರೆಯುವುದನ್ನು ಕಲಿತರು. 1959ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಕೊಲ್ಮೊಗೊರೋವ್ ಎಂಬ ಮಹಾಗಣಿತಜ್ಞರ ಪಂಥದಲ್ಲಿ ಸಂಭಾವ್ಯತೆಯ ಸಿದ್ಧಾಂತವನ್ನು ಓದಿದರು. ಗ್ರೀಕ್, ರಷ್ಯನ್, ಸಂಖ್ಯಾಶಾಸ್ತ್ರ, ಪ್ರೋಗ್ರಾಮು - ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಕಲಿಕೆಗಳೆಲ್ಲ ಮಾಸ್ಕೋದಲ್ಲಿ ಒಂದು ಸಣ್ಣ ಸಮಸ್ಯೆಯ ಮುಂದೆ ಒಟ್ಟುಗೂಡಿದವು.

ಆ ಸಮಸ್ಯೆ ಇದು. ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ಯಂತ್ರದಿಂದಲೇ ಅನುವಾದ ಮಾಡಿಸಬಹುದೇ ಎಂದು ಆಗ ಹಲವರು ಯೋಚಿಸುತ್ತಿದ್ದರು. ನಿಘಂಟನ್ನು ಉದ್ದವಾದ ಕಾಂತೀಯ ಪಟ್ಟಿಯ ಮೇಲೆ ಅಕಾರಾದಿಯಾಗಿ ಬರೆದಿಡಬೇಕಾಗಿತ್ತು. ಪುಸ್ತಕದ ಹಾಳೆ ಮಗುಚಿದಂತೆ ಪಟ್ಟಿಯನ್ನು ಬೇಕಾದಲ್ಲಿ ತೆರೆಯಲಾಗದು. ಮೊದಲಿನಿಂದ ಕೊನೆಯವರೆಗೆ ಸುತ್ತಲೇಬೇಕು. ಒಂದೊಂದು ಪದಕ್ಕೂ ಒಂದೊಂದು ಸಲ ಸುತ್ತಿದರೆ ಕಾಲವೆಲ್ಲ ಅದರಲ್ಲಿಯೇ ಕಳೆದೀತು. ಅದರ ಬದಲು ವಾಕ್ಯದ ಪದಗಳನ್ನೇ ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಒಂದೇ ಸುತ್ತಿನಲ್ಲಿ ಎಲ್ಲ ಪದಗಳ ಅರ್ಥವೂ ದೊರೆಯುತ್ತದೆ. ಹಾಗಾದರೆ ಪದಗಳನ್ನು ಬೇಗನೆ ಜೋಡಿಸುವುದು ಹೇಗೆ?

ಇದರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಗ್ರಂಥಾಲಯದ ಪುಸ್ತಕಗಳ ತಪಾಸಣೆಗೆ ನಾನೂ ನನ್ನ ಗೆಳೆಯನೂ ನೆರವಾಗಿದ್ದೆವು. ಸುಮಾರು ಒಂದು ಸಾವಿರ ಚೀಟಿಗಳು ಕಲಸಿಹೋಗಿದ್ದವು. ಅವನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಬೇಕಾಗಿತ್ತು. ಒಂದೊಂದೇ ಚೀಟಿಯನ್ನು ತೆಗೆದುಕೊಂಡು, ಅದರ ಜಾಗವನ್ನು ಹುಡುಕಿ ಸೇರಿಸುತ್ತ ಎರಡು ದಿನ ಕಳೆದೆವು. ಪ್ರತಿಯೊಂದು ಚೀಟಿಯನ್ನೂ ಉಳಿದ ಪ್ರತಿಯೊಂದರೊಡನೆಯೂ ಹೋಲಿಸಿ ನೋಡುವುದಾದರೆ ಸಾವಿರ ಚೀಟಿಗಳಿಗೆ 4,99,500 ಹೋಲಿಕೆಗಳಾಗುತ್ತವೆ. ಸುಮಾರು ಐದು ಲಕ್ಷ!

ಹೋರ್ ಅವರು ಕಂಡುಕೊಂಡ ಉಪಾಯ ಹೀಗಿದೆ. ರಾಶಿಯಿಂದ ಯಾವುದಾದರೂ ಒಂದು ಚೀಟಿಯನ್ನು ಎತ್ತಿಕೊಳ್ಳಿ. ಅದರ ಸಂಖ್ಯೆ 540 ಎಂದಿರಲಿ. ಈಗ ಉಳಿದವನ್ನೆಲ್ಲ ಒಂದು ಸಲ ನೋಡಿ, 540ಕ್ಕಿಂತ ಚಿಕ್ಕವನ್ನು ಎಡಗಡೆಗೂ ದೊಡ್ಡವನ್ನು ಬಲಗಡೆಗೂ ಹಾಕಿ. ಎಡಗಡೆಯ ರಾಶಿಯೂ ಕಲಸಿಯೇ ಇದೆ, ಬಲಗಡೆಯದೂ ಕಲಸಿಯೇ ಇದೆ. ಆದರೆ 540 ಮಾತ್ರ ತನ್ನ ಸ್ಥಾನವನ್ನು ಸೇರಿತು, ಅದನ್ನು ಇನ್ನು ಮುಟ್ಟಬೇಕಾಗಿಲ್ಲ. ಮೇಲಾಗಿ ಎಡಗಡೆಯ ಒಂದು ಚೀಟಿಯನ್ನು ಬಲಗಡೆಯ ಒಂದು ಚೀಟಿಯೊಡನೆ ಹೋಲಿಸುವ ಪ್ರಮೇಯ ಮುಂದೆ ಎಂದಿಗೂ ಬರುವುದಿಲ್ಲ. ಈಗ ಎಡಗಡೆಯ ರಾಶಿಯನ್ನು ತೆಗೆದುಕೊಂಡು ಇದೇ ಕೆಲಸವನ್ನು ಮಾಡಿ, ಬಲಗಡೆಯದಕ್ಕೂ ಮಾಡಿ, ಹುಟ್ಟುವ ಚಿಕ್ಕ ರಾಶಿಗಳಿಗೂ ಅದನ್ನೇ ಮಾಡಿ. ರಾಶಿಯಲ್ಲಿ ಒಂದೇ ಚೀಟಿ ಉಳಿದಾಗ ಮಾಡುವುದೇನೂ ಇರುವುದಿಲ್ಲ. ರಾಶಿಗಳು ಹೆಚ್ಚುಕಡಿಮೆ ಅರ್ಧರ್ಧವಾಗುತ್ತ ಹೋದರೆ ಸಾವಿರ, ಐನೂರು, ಇನ್ನೂರೈವತ್ತು ಎಂದು ಸುಮಾರು ಹತ್ತು ಮೆಟ್ಟಿಲಿಳಿಯುವಷ್ಟರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಬಗೆಯ ಕಲಸುವಿಕೆಗಳನ್ನೂ ಸರಾಸರಿ ತೆಗೆದರೆ ಸಾವಿರ ಚೀಟಿಗಳಿಗೆ ಸುಮಾರು 11,000 ಹೋಲಿಕೆಗಳು ಸಾಕಾಗುತ್ತವೆ. ಐದು ಲಕ್ಷವೆಲ್ಲಿ, ಹನ್ನೊಂದು ಸಾವಿರವೆಲ್ಲಿ! ಆರಿಸಿದ ಚೀಟಿ ಪ್ರತಿಸಲವೂ ಎಲ್ಲಕ್ಕಿಂತ ಚಿಕ್ಕದೋ ದೊಡ್ಡದೋ ಆಗಿಬಿಟ್ಟರೆ ಮಾತ್ರ ಹಳೆಯ ಐದು ಲಕ್ಷವೇ ಗತಿ. ಆದ್ದರಿಂದ ಚೀಟಿಯನ್ನು ಆರಿಸುವಲ್ಲಿ ಎಚ್ಚರ ಬೇಕು.

ಈ ವಿಧಾನಕ್ಕೆ 'ಕ್ವಿಕ್‌ಸಾರ್ಟ್', ಎಂದರೆ ಶೀಘ್ರ ವಿಂಗಡಣೆ, ಎಂದು ಹೆಸರು. 1961ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ಇದೂ ಇದರ ರೂಪಾಂತರಗಳೂ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಕೆಲಸ ಮಾಡುತ್ತ ಬಂದಿವೆ. ಇದನ್ನು ಕಂಡುಹಿಡಿದಾಗ ಹೋರ್ ಅವರಿಗೆ ಇಪ್ಪತ್ತೈದು ವರ್ಷವಷ್ಟೆ.

ಮಾಸ್ಕೋದಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಎಲಿಯಟ್ ಬ್ರದರ್ಸ್ ಎಂಬ ಬ್ರಿಟಿಷ್ ಕಂಪನಿ ತನ್ನ ಕಂಪ್ಯೂಟರನ್ನು ತಂದಿಟ್ಟಿತ್ತು. ರಷ್ಯನ್ ಬಲ್ಲ ಹೋರ್ ಅಲ್ಲಿ ದುಭಾಷಿಯಾಗಿ ನೆರವಾದರು. ಆ ಪರಿಚಯದಿಂದಲೇ 1960ರಲ್ಲಿ ಆ ಕಂಪನಿಯಲ್ಲಿ ಕೆಲಸ ದೊರೆಯಿತು. ಅವರಿಗೆ ಮೊದಲು ಒಪ್ಪಿಸಿದ ಕೆಲಸಗಳಲ್ಲಿ ಒಂದು, ಆಗ ಪ್ರಸಿದ್ಧವಾಗಿದ್ದ ಬೇರೊಂದು ವಿಂಗಡಣೆಯ ವಿಧಾನವನ್ನು ಕಂಪನಿಯ ಯಂತ್ರಕ್ಕೆ ಅಳವಡಿಸುವುದು. ಹೇಳಿದ್ದನ್ನು ಮುಗಿಸಿದ ಮೇಲೆ, ಇದಕ್ಕಿಂತ ಬೇಗನೆ ನಡೆಯುವ ವಿಧಾನವೊಂದು ತನಗೆ ಗೊತ್ತಿದೆ ಎಂದು ಹೋರ್ ಮೇಲಧಿಕಾರಿಗೆ ಹೇಳಿದರು. ಅವರು ನಂಬದೆ ಆರು ಪೆನ್ನಿಯ ಪಂದ್ಯ ಕಟ್ಟಿದರು. ಪಂದ್ಯವನ್ನು ಗೆದ್ದವರು ಹೋರ್ ಎಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಕೆಲಸ ಭಾಷೆಗೆ ಸಂಬಂಧಿಸಿದ್ದು. ಯಂತ್ರಕ್ಕೆ ಅದರದೇ ಸಂಕೇತಗಳಲ್ಲಿ ಆಜ್ಞೆ ಬರೆಯುವುದು ಬಲು ಪ್ರಯಾಸದ ಕೆಲಸವಾದ್ದರಿಂದ, ಮನುಷ್ಯರಿಗೆ ಸುಲಭವಾದ ಒಂದು ಕೃತಕ ಭಾಷೆಯನ್ನು ಮಾಡಿ, ಅದನ್ನು ಯಂತ್ರದ ಸಂಕೇತಕ್ಕೆ ತಾನಾಗಿ ಅನುವಾದಿಸುವ ಪ್ರೋಗ್ರಾಮನ್ನು ಬರೆಯುತ್ತಾರೆ. ಇದಕ್ಕೆ ಕಂಪೈಲರು ಎನ್ನುತ್ತಾರೆ. ಕಂಪನಿಗಾಗಿ ಹೊಸ ಭಾಷೆಯೊಂದನ್ನು ಕಲ್ಪಿಸುವಂತೆ ಹೋರ್ ಅವರಿಗೆ ಹೇಳಿದರು. ಅವರು ತಾವೇ ಒಂದನ್ನು ಹೊಸೆಯದೆ, ಅನೇಕ ದೇಶಗಳ ವಿದ್ವಾಂಸರು ಕೂಡಿ ರಚಿಸಿದ್ದ 'ಆಲ್ಗಾಲ್ 60' ಎಂಬ ಭಾಷೆಯನ್ನು ಆರಿಸಿಕೊಂಡರು. ಈ ಭಾಷೆಯ ವ್ಯಾಕರಣವನ್ನು ಅಡಕವಾದ ಸೂತ್ರಗಳಲ್ಲಿ ಬರೆಯಲಾಗಿತ್ತು. ಐಚ್ಛಿಕ ಕನ್ನಡವನ್ನು ಓದುವ ನನಗೆ ಇದನ್ನು ತಿಳಿದಾಗ ಕೇಶಿರಾಜನ ಶಬ್ದಮಣಿದರ್ಪಣದ ತರಗತಿ ನೆನಪಾಯಿತು. ಇದು ನನ್ನೊಬ್ಬನ ಕಲ್ಪನೆಯಲ್ಲ. ಈ ಬಗೆಯ ಸೂತ್ರಗಳಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿಯೇ ಇಂಗರ್ಮನ್ ಎಂಬವರು ಗಣಕ ವಿಜ್ಞಾನಿಗಳ ಪತ್ರಿಕೆಗೆ ಬರೆದು ಸೂಚಿಸಿದ್ದರು. ವ್ಯಾಕರಣವನ್ನು ಓದಿದವನಿಗೆ ಯಂತ್ರದ ಭಾಷೆ ಪರದೇಶವೇನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1961ರಲ್ಲಿ ಬ್ರೈಟನ್ ನಗರದಲ್ಲಿ ನಡೆದ ಆಲ್ಗಾಲ್ ಶಿಬಿರಕ್ಕೆ ಹೋರ್ ಹೋದರು. ಒಂದು ವಿಧಿಯ ಒಳಗೆ ಅದೇ ವಿಧಿಯನ್ನು ಮತ್ತೆ ಕರೆಯಬಹುದೆಂಬುದು ಆ ಭಾಷೆಯ ವಿಶೇಷ. ಚೀಟಿಗಳ ಉಪಾಯದಲ್ಲಿ 'ಚಿಕ್ಕ ರಾಶಿಗೂ ಇದನ್ನೇ ಮಾಡಿ' ಎಂದೆವಲ್ಲ, ಮಾಸ್ಕೋದಲ್ಲಿ ಮನಸ್ಸಿನಲ್ಲಿದ್ದರೂ ಚೊಕ್ಕವಾಗಿ ಬರೆಯಲಾಗದಿದ್ದ ಆ ಮಾತನ್ನು ಈಗ ಕೆಲವೇ ಸಾಲುಗಳಲ್ಲಿ ಬರೆಯುವುದು ಸಾಧ್ಯವಾಯಿತು. ಕಂಪೈಲರಿನ ಕೆಲಸದಲ್ಲಿ ಅವರ ಜೊತೆಗಿದ್ದವರಲ್ಲಿ ಜಿಲ್ ಪಿಮ್ ಎಂಬ ಮಹಿಳೆಯೂ ಒಬ್ಬರು. ಮುಂದೆ ಅವರನ್ನೇ ಹೋರ್ ವಿವಾಹವಾದರು. ಈ ಕಂಪೈಲರು, ಪ್ರೋಗ್ರಾಮು ತನಗೆ ಕೊಟ್ಟ ಜಾಗದ ಎಲ್ಲೆಯನ್ನು ಮೀರುತ್ತಿದೆಯೇ ಎಂದು ಪ್ರತಿಸಲವೂ ಪರೀಕ್ಷಿಸುತ್ತಿತ್ತು. ಅದರಿಂದ ವೇಗ ಸ್ವಲ್ಪ ಕಡಿಮೆಯಾಗುವುದರಿಂದ, ಬೇಡವೆಂದರೆ ಆ ಪರೀಕ್ಷೆಯನ್ನು ತೆಗೆದುಹಾಕೋಣವೇ ಎಂದು ಮುಂದೆ ಗ್ರಾಹಕರನ್ನು ಕೇಳಿದಾಗ, ಬೇಡ, ಇರಲಿ ಎಂದರಂತೆ. ತಮ್ಮ ಪ್ರೋಗ್ರಾಮುಗಳಲ್ಲಿ ಎಷ್ಟು ತಪ್ಪುಗಳು ನುಸುಳುತ್ತವೆ ಎಂಬುದು ಅವರಿಗೆ ಅನುಭವದಿಂದ ಗೊತ್ತಾಗಿತ್ತು.

ಹೀಗೆ ಗೆಲುವಿನ ಮೇಲೆ ಗೆಲುವನ್ನು ಕಂಡ ಹೋರ್ ಅವರಿಗೆ ದೊಡ್ಡ ಸೋಲೂ ಅದೇ ಕಂಪನಿಯಲ್ಲಿ ಕಾದಿತ್ತು. ಎಲಿಯಟ್ 503 ಎಂಬ ಹೊಸ ಯಂತ್ರಕ್ಕೆ ಬೇಕಾದ ಪ್ರೋಗ್ರಾಮುಗಳ ಮಹಾವ್ಯವಸ್ಥೆಯೊಂದನ್ನು ರಚಿಸುವ ಹೊಣೆ ಅವರ ಮೇಲಿತ್ತು. ಗ್ರಾಹಕರಿಗೆ ಮಾತು ಕೊಟ್ಟಾಗಿತ್ತು. ಗಡುವು ಬಂತು, ಕೆಲಸ ಮುಗಿಯಲಿಲ್ಲ. ಇನ್ನೊಂದು ಗಡುವು ಬಂತು, ಆಗಲೂ ಮುಗಿಯಲಿಲ್ಲ. ಕೊನೆಗೆ ನಡೆಸಿ ನೋಡಿದರೆ, ಹಳೆಯ ಕಂಪೈಲರು ಸೆಕೆಂಡಿಗೆ ಸುಮಾರು ಸಾವಿರ ಅಕ್ಷರಗಳನ್ನು ಓದುತ್ತಿದ್ದಲ್ಲಿ ಹೊಸದು ಎರಡೇ ಎರಡು ಅಕ್ಷರಗಳನ್ನು ಓದುತ್ತಿತ್ತು! ಮೂವತ್ತು ಜನ ಒಂದು ವರ್ಷವಿಡೀ ದುಡಿದರೆ ಎಷ್ಟಾಗುವುದೋ ಅದಕ್ಕಿಂತಲೂ ಹೆಚ್ಚಿನ ದುಡಿಮೆಯನ್ನು ಹಾಗೆಯೇ ಎಸೆಯಬೇಕಾಯಿತು. ತನಗೆ ತಿಳಿಯದ್ದನ್ನು ತನ್ನ ಕೈಕೆಳಗಿನವರು ಮಾಡಲು ಹೋರ್ ಬಿಟ್ಟರೆಂಬುದೇ ಈ ಸೋಲಿಗೆ ಕಾರಣವೆಂದು ಅವರ ಹಿರಿಯ ಅಧಿಕಾರಿ ತೀರ್ಮಾನ ಹೇಳಿದರು. ಹೋರ್ ಈ ಸಂಗತಿಯನ್ನು ಅಡಗಿಸಲಿಲ್ಲ. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿ, ಇಡೀ ಗಣಕ ಜಗತ್ತು ಕೇಳುತ್ತಿರುವಾಗ, ತಮ್ಮ ಈ ಸೋಲನ್ನೇ ವಿಸ್ತಾರವಾಗಿ ಹೇಳಿಕೊಂಡರು. ಪ್ರಶಸ್ತಿಯ ದಿನ ತನ್ನ ತಪ್ಪನ್ನು ಹೇಳುವ ಈ ಧೈರ್ಯ ನನಗೆ ಅವರ ಆವಿಷ್ಕಾರಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಆ ಸೋಲಿನಿಂದ ಒಂದು ಪ್ರಶ್ನೆ ಹುಟ್ಟಿತು: ಪ್ರೋಗ್ರಾಮು ಸರಿಯಾಗಿದೆ ಎಂದು ನಡೆಸಿ ನೋಡುವ ಮೊದಲೇ ತಿಳಿಯುವುದು ಹೇಗೆ? ಮಾರುಕಟ್ಟೆಯ ಗಡುವುಗಳ ನಡುವೆ ಇಂಥ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕೂರಲು ಕಂಪನಿಗೆ ಸಾಧ್ಯವಿಲ್ಲ. 1968ರಲ್ಲಿ ಹೋರ್ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರಾದರು. ಅವರಿಗೆ ಪಿಎಚ್.ಡಿ. ಇರಲಿಲ್ಲ, ಎಂಟು ವರ್ಷ ಕಂಪನಿಯಲ್ಲಿ ಮಾಡಿದ ಕೆಲಸವೇ ಅವರ ಯೋಗ್ಯತಾಪತ್ರವಾಗಿತ್ತು. ಈ ಸಂಶೋಧನೆ ಉದ್ಯಮದಲ್ಲಿ ಬಳಕೆಗೆ ಬರುವುದು ತಾವು 1999ರಲ್ಲಿ ನಿವೃತ್ತರಾದ ಮೇಲೆಯೇ ಎಂದು ಆಗಲೇ ಎಣಿಸಿಕೊಂಡಿದ್ದರು. ಮೂವತ್ತು ವರ್ಷ ಫಲವನ್ನು ಕಾಣಲಾರೆನೆಂದು ತಿಳಿದೇ ಬೀಜ ಬಿತ್ತುವುದು ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಸಾಧ್ಯ.

ಬೀಜ ಮೊಳೆಯಲು ಮಾತ್ರ ತಡವಾಗಲಿಲ್ಲ. ಅಮೆರಿಕದ ರಾಬರ್ಟ್ ಫ್ಲಾಯ್ಡ್ 1967ರಲ್ಲಿ ತೋರಿದ ದಾರಿಯನ್ನು ಹಿಡಿದು, 1969ರಲ್ಲಿ ಹೋರ್ ಹತ್ತು ಪುಟವೂ ಇಲ್ಲದ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ಸಾರ ಇಷ್ಟು. ಪ್ರತಿಯೊಂದು ಆಜ್ಞೆಯ ಹಿಂದೆ, ಅದು ನಡೆಯುವ ಮೊದಲು ನಿಜವಾಗಿರಬೇಕಾದ ಮಾತೊಂದನ್ನೂ, ಅದರ ಮುಂದೆ, ನಡೆದ ಮೇಲೆ ನಿಜವಾಗುವ ಮಾತೊಂದನ್ನೂ ಬರೆಯಬೇಕು. ಯೂಕ್ಲಿಡನ ರೇಖಾಗಣಿತದಲ್ಲಿರುವಂತೆ ಕೆಲವು ಸ್ವಯಂಸಿದ್ಧ ನಿಯಮಗಳನ್ನು ಇಟ್ಟುಕೊಂಡು, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ತರ್ಕದ ಹಾದಿಯಲ್ಲಿ ನಡೆಯಬೇಕು.

ಒಂದು ಉದಾಹರಣೆ. 23 ತೆಂಗಿನಕಾಯಿಗಳನ್ನು ಬುಟ್ಟಿಗೆ ಐದರಂತೆ ತುಂಬಬೇಕು. ಎಷ್ಟು ಬುಟ್ಟಿ, ಉಳಿದದ್ದೆಷ್ಟು? ಯಂತ್ರಕ್ಕೆ ಭಾಗಾಕಾರ ಬಾರದೆಂದು ಇಟ್ಟುಕೊಳ್ಳೋಣ. ಅದಕ್ಕೆ ಹೀಗೆ ಹೇಳುತ್ತೇವೆ: ನೆಲದ ಮೇಲೆ ಐದು ಅಥವಾ ಅದಕ್ಕಿಂತ ಹೆಚ್ಚು ಕಾಯಿ ಇರುವವರೆಗೆ, ಐದನ್ನು ತೆಗೆದು ಒಂದು ಬುಟ್ಟಿಗೆ ತುಂಬುತ್ತಿರು. ನೆಲದಲ್ಲಿ 23, ಬುಟ್ಟಿ 0. ಆಮೇಲೆ 18, ಬುಟ್ಟಿ 1. 13, ಬುಟ್ಟಿ 2. 8, ಬುಟ್ಟಿ 3. 3, ಬುಟ್ಟಿ 4. ಇಲ್ಲಿ ಎಲ್ಲವೂ ಬದಲಾಗುತ್ತಿದೆ. ಆದರೆ ಒಂದು ಮಾತು ಬದಲಾಗುವುದಿಲ್ಲ: ನೆಲದಲ್ಲಿರುವ ಕಾಯಿ, ಬುಟ್ಟಿಗಳ ಐದರಷ್ಟು, ಇವೆರಡನ್ನೂ ಕೂಡಿಸಿದರೆ ಯಾವಾಗಲೂ 23. ಈ ಮಾತು ಆರಂಭದಲ್ಲಿ ನಿಜ. ಒಂದು ಸುತ್ತಿನ ಮೊದಲು ನಿಜವಾಗಿದ್ದರೆ ಸುತ್ತಿನ ತರುವಾಯವೂ ನಿಜ, ಏಕೆಂದರೆ ಅಲ್ಲಿ ಐದು ಕಳೆದರೆ ಇಲ್ಲಿ ಐದು ಸೇರುತ್ತದೆ. ಹಾಗಾದರೆ ಕೊನೆಯಲ್ಲಿಯೂ ನಿಜ. ಕೊನೆಯಲ್ಲಿ ನೆಲದ ಮೇಲೆ ಐದಕ್ಕಿಂತ ಕಡಿಮೆ ಇರುವುದೂ ನಿಜ, ಇಲ್ಲದಿದ್ದರೆ ಕೆಲಸ ನಿಲ್ಲುತ್ತಿರಲಿಲ್ಲ. ಈ ಎರಡು ಮಾತು ಸೇರಿದರೆ ಭಾಗಾಕಾರ ಸರಿಯಾಗಿದೆಯೆಂದು ಸಿದ್ಧವಾಯಿತು. 23ಕ್ಕಲ್ಲದೆ 23 ಕೋಟಿಗೂ ಇದೇ ಸಾಧನೆ ಸಾಕು. ನೂರು ಸಲ ನಡೆಸಿ ನೋಡಿದರೆ ಆ ನೂರು ಸಲ ಸರಿಯಾಯಿತೆಂದು ಮಾತ್ರ ತಿಳಿಯುತ್ತದೆ. ತರ್ಕದಿಂದ ಸಾಧಿಸಿದರೆ ಎಂದೆಂದಿಗೂ ಸರಿಯೆಂದು ತಿಳಿಯುತ್ತದೆ. ಕೆಲಸ ಎಂದಾದರೂ ನಿಂತೇ ನಿಲ್ಲುತ್ತದೆ ಎಂಬುದನ್ನು ಮಾತ್ರ ಬೇರೆಯಾಗಿ ಸಾಧಿಸಬೇಕು. ಕಾಯಿಗಳು ಪ್ರತಿಸುತ್ತಿನಲ್ಲಿಯೂ ಕಡಿಮೆಯಾಗುತ್ತಿರುವುದರಿಂದ ಇಲ್ಲಿ ಅದೂ ಸ್ಪಷ್ಟ.

ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಯ ಹಳೆಯ ಪ್ರಶ್ನೆ ಹೀಗೆ ಹದಿಮೂರು ವರ್ಷಗಳ ಮೇಲೆ ಯಂತ್ರದ ಪ್ರಶ್ನೆಯಾಗಿ ಮರಳಿತು. ಕಲಾವಿಭಾಗದ ಓದು ಅವರಿಗೆ ಅಲಂಕಾರವಾಗಿ ಉಳಿಯಲಿಲ್ಲ, ಆಯುಧವಾಯಿತು.

1977ರಲ್ಲಿ ಹೋರ್ ಆಕ್ಸ್‌ಫರ್ಡಿಗೆ ಪ್ರೊಫೆಸರಾಗಿ ಮರಳಿದರು. ಮರುವರ್ಷವೇ, ಅನೇಕ ಪ್ರೋಗ್ರಾಮುಗಳು ಏಕಕಾಲದಲ್ಲಿ ನಡೆಯುತ್ತ ಪರಸ್ಪರ ಮಾತಾಡಿಕೊಳ್ಳುವ ಬಗೆಯನ್ನು ಕುರಿತು ಅವರ ಇನ್ನೊಂದು ಪ್ರಸಿದ್ಧ ಪ್ರಬಂಧ ಹೊರಬಂತು. ನಮ್ಮ ಕ್ಯಾಂಟೀನನ್ನು ನೋಡಿ. ದೋಸೆ ಹುಯ್ಯುವವರು ಒಬ್ಬರು, ಬಡಿಸುವವರು ಇನ್ನೊಬ್ಬರು. ಇಬ್ಬರೂ ಒಂದೇ ಕಾವಲಿಗೆ ಕೈ ಹಾಕಿದರೆ ಕೈ ಸುಡುತ್ತದೆ, ದೋಸೆಯೂ ಹರಿಯುತ್ತದೆ. ದೋಸೆಯವರು ತಟ್ಟೆಯನ್ನು ನೀಡಲು ಸಿದ್ಧವಾಗಿ, ಬಡಿಸುವವರು ಕೈಚಾಚಿ ನಿಂತಾಗ ಮಾತ್ರ ತಟ್ಟೆ ಕೈಯಿಂದ ಕೈಗೆ ದಾಟಬೇಕು. ಒಬ್ಬರು ಮೊದಲು ಬಂದರೆ ಇನ್ನೊಬ್ಬರಿಗಾಗಿ ಕಾಯಬೇಕು. ಪ್ರೋಗ್ರಾಮುಗಳೂ ಹೀಗೆಯೇ ಕೊಟ್ಟು ತೆಗೆದುಕೊಳ್ಳಲಿ ಎಂಬುದು ಹೋರ್ ಅವರ ಸೂತ್ರ. 1980ರ ದಶಕದಲ್ಲಿ ಇನ್ಮಾಸ್ ಎಂಬ ಬ್ರಿಟಿಷ್ ಕಂಪನಿ ಇದನ್ನೇ ತಳಹದಿಯಾಗಿಟ್ಟುಕೊಂಡು ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪನ್ನೂ, ಅದಕ್ಕಾಗಿ ಆಕಮ್ ಎಂಬ ಭಾಷೆಯನ್ನೂ ತಯಾರಿಸಿತು. ಆಕಮ್ ಎಂಬುದು ಮಧ್ಯಯುಗದ ತತ್ತ್ವಜ್ಞಾನಿಯೊಬ್ಬರ ಹೆಸರು! 2009ರಲ್ಲಿ ಗೂಗಲ್ ಕಂಪನಿ ಹೊರತಂದ 'ಗೋ' ಭಾಷೆಯಲ್ಲಿಯೂ ಈ ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಆಕ್ಸ್‌ಫರ್ಡಿನ ಅವರ ವಿಭಾಗ ಉದ್ಯಮದೊಡನೆ ನಂಟನ್ನು ಕಡಿದುಕೊಳ್ಳಲಿಲ್ಲ; ಇನ್ಮಾಸ್ ಜೊತೆಗಿನ ಕೆಲಸಕ್ಕೆ 1990ರಲ್ಲಿಯೂ, ಐ.ಬಿ.ಎಂ. ಜೊತೆಗಿನ ಕೆಲಸಕ್ಕೆ 1992ರಲ್ಲಿಯೂ ಬ್ರಿಟನ್ನಿನ ರಾಣಿಯ ಹೆಸರಿನ ತಂತ್ರಜ್ಞಾನ ಪುರಸ್ಕಾರಗಳು ದೊರೆತವು.

1999ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಹೋರ್ ನಿವೃತ್ತರಾದರು. ಮನೆಯಲ್ಲಿ ಕೂರಲಿಲ್ಲ. ಕೇಂಬ್ರಿಡ್ಜಿನಲ್ಲಿದ್ದ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾಲಯವನ್ನು ಸೇರಿದರು. ಮೂವತ್ತು ವರ್ಷದ ಹಿಂದೆ ಬಿತ್ತಿದ ಬೀಜ ಏನಾಯಿತೆಂದು ಉದ್ಯಮದ ಹೊಲದಲ್ಲಿಯೇ ನೋಡಬೇಕಾಗಿತ್ತು. ನೋಡಿದರೆ, ಪೈರು ಬಂದಿತ್ತು, ಆದರೆ ಅವರೆಣಿಸಿದ ಪೈರಲ್ಲ. ಆಜ್ಞೆಗಳ ನಡುವೆ ನಿಜವಾಗಿರಬೇಕಾದ ಮಾತುಗಳನ್ನು ಪ್ರೋಗ್ರಾಮು ಬರೆಯುವವರು ಹೇರಳವಾಗಿ ಬರೆಯುತ್ತಿದ್ದರು. ಸಾಧನೆಗಾಗಿ ಅಲ್ಲ, ಪರೀಕ್ಷೆಗಾಗಿ! ಯಂತ್ರ ನಡೆಯುವಾಗ ಆ ಮಾತು ಸುಳ್ಳಾದರೆ ಅಲ್ಲಿಯೇ ತಪ್ಪನ್ನು ಹಿಡಿಯುತ್ತಿದ್ದರು. ಪರೀಕ್ಷೆಯನ್ನು ತಾವು ಹಿಂದೆ ಕಡೆಗಣಿಸಿದ್ದು ಸರಿಯಲ್ಲವೆಂದು ಹೋರ್ ಒಪ್ಪಿಕೊಂಡರು. ತರ್ಕದ ಸಾಧನೆಯಿಲ್ಲದೆಯೂ ಪ್ರೋಗ್ರಾಮುಗಳು ಇಷ್ಟು ನಂಬಿಕೆಗೆ ಅರ್ಹವಾದದ್ದು ಹೇಗೆಂದು ಅವರು 1996ರಲ್ಲಿಯೇ ಒಂದು ಪ್ರಬಂಧದಲ್ಲಿ ಕೇಳಿಕೊಂಡಿದ್ದರು. ಇನ್ನೊಂದು ಕಡೆ, ದುಷ್ಟರು ವೈರಸ್ಸುಗಳನ್ನು ಹರಡಿ ಪ್ರೋಗ್ರಾಮಿನ ಸಣ್ಣ ಬಿರುಕಿನಲ್ಲಿಯೂ ನುಗ್ಗತೊಡಗಿದ ಮೇಲೆ, ಪರೀಕ್ಷೆಯೊಂದೇ ಸಾಲದೆಂದು ಕಂಪನಿಗಳಿಗೂ ತಿಳಿಯಿತು. ತರ್ಕದಿಂದ ತಪ್ಪು ಹುಡುಕುವ ಸಾಧನಗಳಿಗೆ ಬೇಡಿಕೆ ಬಂತು. ಕಂಪನಿ ಹುಟ್ಟಿಸಿದ ಪ್ರಶ್ನೆಗೆ ವಿಶ್ವವಿದ್ಯಾನಿಲಯ ಉತ್ತರವನ್ನು ಹುಡುಕಿತು. ಆ ಉತ್ತರವನ್ನು ಒರೆಗೆ ಹಚ್ಚಿ ತಿದ್ದಿದ್ದು ಮತ್ತೆ ಕಂಪನಿ. 2000ದಲ್ಲಿ ಅವರಿಗೆ ಸರ್ ಪದವಿಯೂ ಜಪಾನಿನ ಕ್ಯೋಟೊ ಪ್ರಶಸ್ತಿಯೂ ಬಂದವು.

ಇನ್ನೊಂದು ತಪ್ಪೊಪ್ಪಿಗೆಯನ್ನೂ ಹೇಳಬೇಕು. 1965ರಲ್ಲಿ ಒಂದು ಭಾಷೆಯನ್ನು ರೂಪಿಸುವಾಗ, ಯಾವ ವಸ್ತುವನ್ನೂ ತೋರಿಸದ ಬರಿದಾದ ವಿಳಾಸವೊಂದಕ್ಕೆ ಹೋರ್ ಎಡೆಗೊಟ್ಟರು. ಸುಲಭವಾಗಿತ್ತು, ಸೇರಿಸಿದರು. ಮನೆಯಿಲ್ಲದ ವಿಳಾಸಕ್ಕೆ ಅಂಚೆಯವರನ್ನು ಕಳಿಸಿದಂತೆ, ಆ ವಿಳಾಸವನ್ನು ಹಿಡಿದು ಹೋದ ಅಸಂಖ್ಯ ಪ್ರೋಗ್ರಾಮುಗಳು ಮುಗ್ಗರಿಸಿ ಬಿದ್ದವು. 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅವರು ಇದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು.

ಈ ಚರಿತ್ರೆಯಿಂದ ನನ್ನ ಅಪ್ಪನ ಪ್ರಶ್ನೆಗೆ ಉತ್ತರ ದೊರೆಯಿತೆ? ಪೂರ್ತಿಯಾಗಿ ದೊರೆಯಿತೆಂದು ಹೇಳಲಾರೆ. ಬಿ.ಎ. ಓದಿದ ಮಾತ್ರಕ್ಕೆ ಹೋರ್ ಗಣಕ ವಿಜ್ಞಾನಿಯಾಗಲಿಲ್ಲ. ಅದರ ಮೇಲೆ ಸಂಖ್ಯಾಶಾಸ್ತ್ರವನ್ನು ಕಲಿತರು, ಪ್ರೋಗ್ರಾಮನ್ನು ಕಲಿತರು, ಪರಭಾಷೆಯನ್ನು ಕಲಿತರು. ಮೇಜಿನ ಹಿಂದಿದ್ದವರು ನನ್ನಲ್ಲಿ ಇಲ್ಲದ್ದನ್ನು ಕಂಡದ್ದು ತಪ್ಪಲ್ಲ. ಇರುವುದನ್ನು ಕೇಳದೆ ಹೋದದ್ದು ತಪ್ಪು. ಇಲ್ಲದ್ದನ್ನು ಗಳಿಸಿಕೊಳ್ಳುವುದು ನನ್ನ ಹೊಣೆ. ಈ ವರ್ಷ ಗಣಿತದ ಅಧ್ಯಾಪಕರೊಬ್ಬರ ದಯೆಯಿಂದ ವಾರಕ್ಕೆರಡು ಸಂಜೆ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಪ್ರೋಗ್ರಾಮು ಬರೆಯುವುದನ್ನು ಕಲಿಯುತ್ತಿದ್ದೇನೆ. ಚೀಟಿಗಳ ವಿಂಗಡಣೆಯನ್ನು ಬರೆದು, ನಾಲ್ಕು ಸಲ ತಪ್ಪಿ, ಐದನೆಯ ಸಲ ಸರಿಮಾಡಿದೆ. ಇದು ದೊಡ್ಡ ಸಾಧನೆಯಲ್ಲ. ಆದರೆ ಆ ನಾಲ್ಕು ತಪ್ಪುಗಳು ಎಲ್ಲಿದ್ದವೆಂದು ನನಗೆ ಗೊತ್ತಾದದ್ದು, ಪ್ರತಿಯೊಂದು ಸಾಲಿನ ಮುಂದೆ 'ಈಗ ನಿಜವಾಗಿರಬೇಕಾದದ್ದೇನು?' ಎಂದು ಕನ್ನಡದಲ್ಲಿ ಬರೆದುಕೊಂಡಾಗ.

ಮೊನ್ನೆ ರಜೆಯಲ್ಲಿ ಅಪ್ಪನಿಗೆ ತೆಂಗಿನಕಾಯಿಯ ಲೆಕ್ಕವನ್ನು ವಿವರಿಸಿದೆ. ಕೇಳಿ ಅವರು ನಕ್ಕು, "ಇದ್ರಾಗೆ ಹೊಸದೇನೈತೆ? ಲಾರಿಗೆ ಏರ್ಸಿದ್ದೂ ಕೆಳಗೈತಲ್ಲ ಅದೂ ಸೇರ್ಸಿದ್ರೆ ಬಂದ ಮೂಟೆ ಲೆಕ್ಕ ಬರ್ಬೇಕು. ನಡುವ್ಯಾಗ ಯಾವಾಗ ನಿಲ್ಸಿ ಎಣ್ಸಿದ್ರೂ ಬರ್ಬೇಕು. ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಾಗೈತೆ ಅಂತ" ಎಂದರು. ನಾನು ಮೂರು ವರ್ಷ ಓದಿ ಕಲಿತದ್ದನ್ನು ಅಪ್ಪ ಮೂವತ್ತು ವರ್ಷದಿಂದ ಹೆಗಲ ಮೇಲೆ ಹೊತ್ತಿದ್ದರು. ಅದಕ್ಕೆ ಹೆಸರಿದೆ, ಶಾಸ್ತ್ರವಿದೆ, ಅದರಿಂದ ದೊಡ್ಡ ಯಂತ್ರಗಳನ್ನೂ ಅಂಕೆಯಲ್ಲಿಡಬಹುದು ಎಂಬುದನ್ನು ಅವರಿಗೆ ಹೇಳಲು ನನ್ನ ಓದು ಬೇಕಾಯಿತು.

ಪೂಜ್ಯ ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ನನ್ನ ಹಿಂದೆ ಬರುವ ಕಲಾವಿಭಾಗದ ವಿದ್ಯಾರ್ಥಿಗಳಿಗಾಗಿ ವಾರಕ್ಕೊಂದು ಸಂಜೆಯಾದರೂ ಆ ಕಂಪ್ಯೂಟರ್ ಕೊಠಡಿಯ ಬಾಗಿಲು ತೆರೆದಿರಲಿ. ತರ್ಕವನ್ನೂ ಪ್ರೋಗ್ರಾಮನ್ನೂ ಒಟ್ಟಿಗೆ ಕಲಿಸುವ ಒಂದು ಪುಟ್ಟ ತರಗತಿ ನಡೆಯಲಿ. 'ಆ ಕಡೆ ಸಾಲಿಗೆ ಹೋಗಿ' ಎಂದು ಯಾರಾದರೂ ಹೇಳಿದಾಗ, ನನ್ನ ತಮ್ಮ ತಂಗಿಯರು ಒಂದು ನಿಮಿಷ ನಿಂತು ಉತ್ತರ ಹೇಳುವಂತಾಗಲಿ.